ಇತಿಹಾಸಕ್ಕೊಂದು, ಅರ್ಥಶಾಸ್ತ್ರಕ್ಕೊಂದು, ಕನ್ನಡಕ್ಕೊಂದು: ಕಾಲೇಜಿನ ಪ್ರಬಂಧ ಬರೆಯುವುದು ಹೇಗೆ?

ಪ್ರಶ್ನೆ: ಮೇಡಂ, ನಾನು ಮಂಡ್ಯದಲ್ಲಿ ಎರಡನೇ ವರ್ಷದ ಬಿ.ಎ. ಓದುತ್ತಿದ್ದೇನೆ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ನನ್ನ ವಿಷಯಗಳು. ಪಿಯುಸಿವರೆಗೂ ಪ್ರಬಂಧಕ್ಕೆ ಒಳ್ಳೆಯ ಅಂಕ ಬರುತ್ತಿತ್ತು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಮಾಡಿಕೊಂಡು ಬರೆಯುತ್ತಿದ್ದೆ. ಈಗ ಹಾಗೇ ಬರೆದರೆ ಇತಿಹಾಸದ ಸರ್ ‘ಬರೀ ಕಥೆ ಹೇಳಿದ್ದೀಯ’ ಅಂತಾರೆ. ಅರ್ಥಶಾಸ್ತ್ರದ ಮೇಡಂ ‘ಭಾಷಣ ಬೇಡ, ವಿಶ್ಲೇಷಣೆ ಬೇಕು’ ಅಂತ ಬರೆದಿದ್ದಾರೆ. ಕನ್ನಡದ ಸರ್ ‘ಸಾರಾಂಶ ನನಗೂ ಗೊತ್ತಮ್ಮ’ ಅಂದರು. ಒಂದೊಂದು ವಿಷಯಕ್ಕೆ ಒಂದೊಂದು ರೀತಿ ಬರೆಯಬೇಕಾ? ಮುಂದಿನ ತಿಂಗಳು ಮೂರು ಅಸೈನ್‌ಮೆಂಟ್ ಒಟ್ಟಿಗೆ ಕೊಡಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೂವರೂ ಬೇರೆ ಬೇರೆ ಮಾತಾಡಿದಂತೆ ಕಂಡರೂ ಅವರ ದೂರು ಒಂದೇ. ನೀವು ವಿಷಯವನ್ನು ಚೆನ್ನಾಗಿ ತುಂಬಿದ್ದೀರಿ. ಆದರೆ ‘ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು, ಅದಕ್ಕೆ ಪುರಾವೆ ಇದು’ ಎಂದು ಎಲ್ಲೂ ಹೇಳಿಲ್ಲ. ಪಿಯುಸಿಯಲ್ಲಿ ಅದರ ಅಗತ್ಯವೇ ಬಿದ್ದಿರಲಿಲ್ಲ. ಅಲ್ಲಿ ‘ಗ್ರಂಥಾಲಯಗಳ ಮಹತ್ವ’, ‘ಪರಿಸರ ಸಂರಕ್ಷಣೆ’ ಅಂತ ಶೀರ್ಷಿಕೆ ಕೊಡುತ್ತಿದ್ದರು. ಗೊತ್ತಿದ್ದದ್ದನ್ನೆಲ್ಲ ಶೀರ್ಷಿಕೆಯ ಕೆಳಗೆ ಅಂದವಾಗಿ ಜೋಡಿಸಿದರೆ ಸಾಕಿತ್ತು. ಪದವಿಯಲ್ಲಿ ಕೊಡುವುದು ಪ್ರಶ್ನೆ. ಪ್ರಶ್ನೆಗೆ ಉತ್ತರ ಬೇಕು, ಉತ್ತರಕ್ಕೆ ಆಧಾರ ಬೇಕು. ಯಾವುದನ್ನು ಆಧಾರ ಎಂದು ಒಪ್ಪುತ್ತಾರೆ ಎನ್ನುವುದು ಮಾತ್ರ ವಿಷಯದಿಂದ ವಿಷಯಕ್ಕೆ ಬೇರೆ. ನೀವು ತಿಳಿದುಕೊಳ್ಳಬೇಕಾದದ್ದು ಅದೊಂದನ್ನೇ. ಅದು ತಿಳಿದರೆ ಯಾವ ವಿಷಯದ ಪ್ರಬಂಧಕ್ಕೂ ಯೋಜನೆ ಹಾಕಿಕೊಳ್ಳಬಹುದು.

ನಿಮ್ಮೂರಿನದೇ ವಸ್ತುವನ್ನು ಹಿಡಿದು ನೋಡೋಣ. ಕನ್ನಂಬಾಡಿ ಕಟ್ಟೆ (ಅಂದರೆ ಕೃಷ್ಣರಾಜಸಾಗರ, ಕೆಆರ್‌ಎಸ್) ಮತ್ತು ಕಬ್ಬು ಮಂಡ್ಯದ ವಿದ್ಯಾರ್ಥಿಗೆ ಹೊಸದಾಗಿ ಪರಿಚಯಿಸಬೇಕಾದ ಸಂಗತಿಗಳಲ್ಲ. ಇದೇ ವಸ್ತುವಿನ ಮೇಲೆ ಇತಿಹಾಸದ ಪ್ರಬಂಧವನ್ನೂ ಬರೆಯಬಹುದು, ಅರ್ಥಶಾಸ್ತ್ರದ್ದನ್ನೂ ಬರೆಯಬಹುದು, ಬಿ.ಎಸ್ಸಿ. ಓದುವ ನಿಮ್ಮ ಗೆಳತಿ ಲ್ಯಾಬ್ ವರದಿಯನ್ನೂ ಬರೆಯಬಹುದು. ಮೂರೂ ಎಷ್ಟು ಬೇರೆಯಾಗುತ್ತವೆ ಅಂತ ಹತ್ತಿರದಿಂದ ನೋಡಿ.

ಇತಿಹಾಸದ ಪ್ರಶ್ನೆ ಹೀಗಿದೆ ಅಂದುಕೊಳ್ಳಿ: ‘ಕೃಷ್ಣರಾಜಸಾಗರ ಅಣೆಕಟ್ಟು ಮಂಡ್ಯ ಸೀಮೆಯ ಕೃಷಿಯನ್ನು ಬದಲಿಸಿತು. ಚರ್ಚಿಸಿ.’ ನಾನು ನೋಡಿರುವ ಹೆಚ್ಚಿನ ಉತ್ತರಗಳು ಸರ್ ಎಂ. ವಿಶ್ವೇಶ್ವರಯ್ಯನವರು ಮುದ್ದೇನಹಳ್ಳಿಯಲ್ಲಿ ಹುಟ್ಟಿದ್ದರಿಂದ ಶುರುವಾಗುತ್ತವೆ. ಅಲ್ಲಿಂದ ಅವರು ಮುಖ್ಯ ಎಂಜಿನಿಯರ್ ಆದದ್ದು, 1911ರಲ್ಲಿ ಕೆಲಸ ಆರಂಭವಾದದ್ದು, ಸಿಮೆಂಟ್ ಬದಲು ಸುರ್ಕಿ ಗಾರೆ ಬಳಸಿದ್ದು, 1912ರಲ್ಲಿ ಅವರು ದಿವಾನರಾದದ್ದು, ಕೊನೆಗೆ ರೈತರ ಬಾಳು ಹಸನಾದದ್ದು. ಒಂದೂ ಸುಳ್ಳಲ್ಲ. ಆದರೆ ನಿಮ್ಮ ಸರ್ ‘ಕಥೆ’ ಎನ್ನುವುದು ಇದನ್ನೇ. ಇಲ್ಲಿ ಘಟನೆಯ ಹಿಂದೆ ಘಟನೆ ಬಂತು. ಒಂದರಿಂದ ಇನ್ನೊಂದು ಏಕೆ ಆಯಿತು ಎಂಬುದು ಬರಲಿಲ್ಲ.

ಈಗ ಕೆಲವೇ ಇಸವಿಗಳನ್ನು ಒಂದರ ಪಕ್ಕ ಒಂದು ಇಡಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1911ರಲ್ಲಿ ಕಟ್ಟೆಯ ಕೆಲಸ ಶುರುವಾಯಿತು. 1930ರ ದಶಕದ ಆರಂಭದಲ್ಲಿ ಅದು ಮುಗಿಯುವ ಹಂತಕ್ಕೆ ಬಂತು. ಆಗ ಇರ್ವಿನ್ ನಾಲೆ ಎನ್ನುತ್ತಿದ್ದ, ಈಗಿನ ವಿಶ್ವೇಶ್ವರಯ್ಯ ನಾಲೆ ಬಂತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಆರಂಭವಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಇವುಗಳ ನಡುವಿನ ಸಂದಿಯಲ್ಲಿ ಪ್ರಶ್ನೆಗಳಿವೆ. ಬೇಸಿಗೆಯಲ್ಲೂ ಶಿವನಸಮುದ್ರಕ್ಕೆ ನೀರು ತಪ್ಪದಿರಲಿ ಎಂಬುದೂ ಕಟ್ಟೆಯ ಉದ್ದೇಶವಾಗಿತ್ತು. ಹಾಗಾದರೆ ಅದನ್ನು ಬರೀ ರೈತರಿಗಾಗಿ ಕಟ್ಟಿದ್ದು ಅನ್ನಬಹುದೇ? ನೀರು ಬಂದ ಮಾತ್ರಕ್ಕೆ ಕಬ್ಬು ಬೆಳೆಯುತ್ತಿದ್ದರೇ? ಕಡಿದ ಕಬ್ಬನ್ನು ದಿನಗಟ್ಟಲೆ ಇಡಲಾಗದು, ಹತ್ತಿರದಲ್ಲೇ ಕೊಳ್ಳುವವರು ಬೇಕು. ಕಾರ್ಖಾನೆ ಬಾರದೇ ಹೋಗಿದ್ದರೆ ಅದೇ ನೀರಿನಲ್ಲಿ ಬರೀ ಭತ್ತವೇ ಹಬ್ಬುತ್ತಿತ್ತೇನೋ. ಇನ್ನು ‘ಮಂಡ್ಯ ಸೀಮೆ’ ಅಂದರೆ ಇಡೀ ಜಿಲ್ಲೆಯೇ? ನಾಲೆ ಮುಟ್ಟದ ನಾಗಮಂಗಲದ ಕಡೆಯ ಬೆದ್ದಲು ರಾಗಿ ಹೊಲವಾಗಿಯೇ ಉಳಿಯಿತಲ್ಲ? ಮುಳುಗಡೆಯಾದ ಊರುಗಳ ಕೃಷಿ ಏನಾಯಿತು?

ಇಷ್ಟು ಕೇಳಿಕೊಂಡರೆ ಉತ್ತರ ಒಂದು ವಾಕ್ಯವಾಗಿ ನಿಲ್ಲುತ್ತದೆ: ‘ಮಂಡ್ಯ ಸೀಮೆಯ ಕೃಷಿಯನ್ನು ಬದಲಿಸಿದ್ದು ಅಣೆಕಟ್ಟೊಂದೇ ಅಲ್ಲ, ಅಣೆಕಟ್ಟು, ನಾಲೆ, ಸಕ್ಕರೆ ಕಾರ್ಖಾನೆ ಒಂದರ ಮೇಲೊಂದು ಬಂದದ್ದರಿಂದ ಬದಲಾವಣೆ ಆಯಿತು, ಅದೂ ನಾಲೆ ಮುಟ್ಟಿದ ಕಡೆ ಮಾತ್ರ.’ ಇದನ್ನು ಯಾರಾದರೂ ಒಪ್ಪದೆ ಇರಬಹುದು. ಒಪ್ಪದೆ ಇರಲು ಸಾಧ್ಯವಿರುವ ವಾಕ್ಯವೇ ವಾದ. ‘ಕೆಆರ್‌ಎಸ್ ಒಂದು ಮಹತ್ವದ ಅಣೆಕಟ್ಟು’ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ, ಹಾಗಾಗಿ ಅದನ್ನು ಸಾಧಿಸಲು ಪ್ರಬಂಧ ಬರೆಯುವ ಅಗತ್ಯವೂ ಇಲ್ಲ.

ಇತಿಹಾಸದಲ್ಲಿ ಆಧಾರ ಎಂದರೆ ಆ ಕಾಲದ ದಾಖಲೆ: ಶಾಸನ, ಸರ್ಕಾರಿ ವರದಿ, ಪತ್ರ, ಪತ್ರಿಕೆ, ಕಂದಾಯದ ಲೆಕ್ಕ. ದಾಖಲೆಯನ್ನು ಹೆಸರಿಸಿದರೆ ಸಾಲದು. ಅದನ್ನು ಯಾರು, ಯಾವಾಗ, ಏತಕ್ಕೆ ಬರೆದರು ಎಂದು ಕೇಳಬೇಕು, ಅದು ಎಷ್ಟನ್ನು ಸಾಧಿಸುತ್ತದೆ ಎಂದು ತೂಗಬೇಕು. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲನ್ನೇ ತೆಗೆದುಕೊಳ್ಳಿ. ಕ್ರಿ.ಶ. 949-50ರದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಕಾಳಗದಲ್ಲಿ ಚೋಳರ ರಾಜಾದಿತ್ಯ ಸತ್ತದ್ದನ್ನೂ, ಗಂಗರ ಬೂತುಗನಿಂದ ಅವನ ಬಂಟ ಮಣಲೆರ ಕಾಳಿ ಎಂಬ ನಾಯಿಯನ್ನು ಮೆಚ್ಚುಗೆಯಾಗಿ ಪಡೆದದ್ದನ್ನೂ, ಆ ನಾಯಿ ಕಾಡುಹಂದಿಯ ಜೊತೆ ಹೋರಾಡಿ ಎರಡೂ ಸತ್ತದ್ದನ್ನೂ, ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲಿಗೆ ಭೂಮಿ ಬಿಟ್ಟದ್ದನ್ನೂ ಅದು ಹೇಳುತ್ತದೆ. ಇದನ್ನು ಓದಿ ‘ಹಿಂದಿನ ಕನ್ನಡಿಗರು ಪ್ರಾಣಿಗಳನ್ನು ಬಹಳ ಪ್ರೀತಿಸುತ್ತಿದ್ದರು’ ಎಂದು ಬರೆಯಬೇಕೆನಿಸುತ್ತದೆ. ಒಂದು ಕಲ್ಲು ಅಷ್ಟು ಭಾರ ಹೊರುವುದಿಲ್ಲ. ಒಡೆಯನಾದವನು ಬಂಟನ ಶೌರ್ಯಕ್ಕೆ ಮೆಚ್ಚುಗೆ ಕೊಡುತ್ತಿದ್ದ, ಬೇಟೆನಾಯಿ ಹಾಗೆ ಕೇಳಿ ಪಡೆಯುವಷ್ಟು ಬೆಲೆಯುಳ್ಳದ್ದಾಗಿತ್ತು, ಸ್ಮಾರಕವನ್ನು ನೋಡಿಕೊಳ್ಳಲು ಭೂಮಿಯ ಆದಾಯ ಬಿಡುವ ಪದ್ಧತಿ ಇತ್ತು: ಇಷ್ಟನ್ನು ಅದು ಗಟ್ಟಿಯಾಗಿ ಹೇಳುತ್ತದೆ. ಗೆದ್ದವರ ಕಡೆಯವರು ಹಾಕಿಸಿದ ಕಲ್ಲಾದ್ದರಿಂದ ಕಾಳಗದ ಬಗ್ಗೆ ಚೋಳರು ಏನು ಹೇಳುತ್ತಿದ್ದರು ಎಂಬುದು ಇದರಲ್ಲಿ ಸಿಗದು. ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದ ವಿದ್ಯಾರ್ಥಿಗೆ, ಹತ್ತು ಶಾಸನಗಳ ಹೆಸರು ಪಟ್ಟಿ ಮಾಡಿದವರಿಗಿಂತ ಹೆಚ್ಚು ಅಂಕ ಕೊಡಲು ಯಾವ ಮೇಷ್ಟ್ರೂ ಹಿಂದೆಮುಂದೆ ನೋಡುವುದಿಲ್ಲ.

ಅರ್ಥಶಾಸ್ತ್ರಕ್ಕೆ ಬನ್ನಿ. ‘ಕಬ್ಬಿಗೆ ಕೇಂದ್ರ ಸರ್ಕಾರ ನಿಗದಿ ಮಾಡುವ ಬೆಲೆಯಿಂದ ಬೆಳೆಗಾರರಿಗೆ ಅನುಕೂಲವಾಗಿದೆಯೇ?’ ಈ ಪ್ರಶ್ನೆ ನೋಡಿದ ಕೂಡಲೇ ಪೆನ್ನು ‘ಭಾರತ ಕೃಷಿ ಪ್ರಧಾನ ದೇಶ, ರೈತ ದೇಶದ ಬೆನ್ನೆಲುಬು’ ಎಂದು ಓಡುತ್ತದೆ. ನಿಮ್ಮ ಮೇಡಂ ಭಾಷಣ ಎಂದದ್ದು ಅದಕ್ಕೆ. ರೈತರ ಮೇಲಿನ ಕಾಳಜಿ ನಿಜವಾದದ್ದೇ, ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆ ಕಾಳಜಿ ಇರುವವರು ಲೆಕ್ಕವನ್ನು ಇನ್ನಷ್ಟು ಎಚ್ಚರದಿಂದ ಮಾಡಬೇಕು.

ಲೆಕ್ಕ ಹೀಗಿದೆ. ಕೇಂದ್ರ ನಿಗದಿ ಮಾಡುವ ಈ ಬೆಲೆಗೆ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ಬೆಲೆ) ಎನ್ನುತ್ತಾರೆ. ಎಫ್‌ಆರ್‌ಪಿ ದರ 2017-18ರ ಹಂಗಾಮಿಗೆ ಕ್ವಿಂಟಲ್‌ಗೆ 255 ರೂಪಾಯಿ ಇತ್ತು, 2018-19ಕ್ಕೆ 275 ರೂಪಾಯಿ ಆಯಿತು. ‘ಒಂದೇ ವರ್ಷದಲ್ಲಿ 20 ರೂಪಾಯಿ ಹೆಚ್ಚಳ’ ಎಂದು ಬರೆದು ಮುಂದೆ ಹೋಗಬಹುದು, ಬಹಳ ಜನ ಹೋಗುತ್ತಾರೆ. ಆದರೆ ದರದ ಜೊತೆಗೆ ಒಂದು ಷರತ್ತಿದೆ: ಸಕ್ಕರೆ ಇಳುವರಿ, ಅಂದರೆ ಅರೆದ ಕಬ್ಬಿನ ತೂಕದಲ್ಲಿ ಶೇಕಡಾ ಎಷ್ಟು ಸಕ್ಕರೆ ಸಿಗುತ್ತದೆ ಎಂಬುದು. 2017-18ರ 255 ರೂಪಾಯಿ ಶೇ 9.5 ಇಳುವರಿಯ ಕಬ್ಬಿಗೆ. ಅದರ ಮೇಲೆ ಪ್ರತಿ ಶೇ 0.1ಕ್ಕೆ 2 ರೂಪಾಯಿ 68 ಪೈಸೆ ಹೆಚ್ಚುವರಿ. 2018-19ರ 275 ರೂಪಾಯಿ ಶೇ 10 ಇಳುವರಿಯ ಕಬ್ಬಿಗೆ. ಅಂದರೆ ಶೇ 10 ಇಳುವರಿ ಬರುವ ಕಬ್ಬಿಗೆ ಹಿಂದಿನ ವರ್ಷವೇ 255ರ ಮೇಲೆ ಐದು ಸಲ 2.68 ಸೇರಿ 268 ರೂಪಾಯಿ 40 ಪೈಸೆ ಸಿಗಬೇಕಿತ್ತು. ಒಂದೇ ಗುಣಮಟ್ಟದ ಕಬ್ಬಿಗೆ ನಿಜವಾದ ಏರಿಕೆ 6 ರೂಪಾಯಿ 60 ಪೈಸೆ. ಇಳುವರಿ ಶೇ 9.5 ಅಥವಾ ಅದಕ್ಕಿಂತ ಕಡಿಮೆ ಇದ್ದ ಕಾರ್ಖಾನೆಗಳಿಗೆ ಆ ವರ್ಷ ನಿಗದಿಯಾದ ದರ 261 ರೂಪಾಯಿ 25 ಪೈಸೆ. ಅಲ್ಲಿ ಏರಿಕೆ 6 ರೂಪಾಯಿ 25 ಪೈಸೆ ಮಾತ್ರ. 20 ರೂಪಾಯಿ ಎಂಬುದು ಸರ್ಕಾರಿ ಆದೇಶದಲ್ಲಿರುವ ಎರಡು ಅಂಕಿಗಳ ವ್ಯತ್ಯಾಸ, ಗದ್ದೆಯಲ್ಲಿ ನಿಂತವರ ಕೈಗೆ ಬಂದ ವ್ಯತ್ಯಾಸ ಬೇರೆ. ಮೂಲ ಇಳುವರಿಯನ್ನು 2022-23ರಲ್ಲಿ ಮತ್ತೆ ಶೇ 10.25ಕ್ಕೆ ಏರಿಸಿದರು. ಆದ್ದರಿಂದ 2017-18ರ 255ನ್ನು 2024-25ರ 340ರ ಪಕ್ಕ ಹಾಗೆಯೇ ಇಟ್ಟು ಹೋಲಿಸಿದರೆ ಅದೇ ದೋಷ ದೊಡ್ಡದಾಗಿ ಬರುತ್ತದೆ. ಇದರ ಮೇಲೆ ಗೊಬ್ಬರ, ಕಟಾವಿನ ಕೂಲಿ, ಹಣದುಬ್ಬರ ಎಲ್ಲ ಕಳೆಯಬೇಕು. ಹಣ ಎಷ್ಟು ದಿನಕ್ಕೆ ಬರುತ್ತದೆ ಎಂಬುದು ಬೇರೆಯೇ ಪ್ಯಾರಾ; ಕಾಯ್ದೆ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಬರಬೇಕು.

ಅರ್ಥಶಾಸ್ತ್ರ ಕೇಳುವ ಪುರಾವೆ ಇಂಥದ್ದು. ಅಂಕಿಯ ಜೊತೆ ಅದರ ವರ್ಷ, ಅಳತೆ, ಷರತ್ತು ಇರಬೇಕು. ಬೆಲೆ ಬದಲಾದರೆ ಯಾರು ಏನು ಮಾಡುತ್ತಾರೆ ಎಂಬ ಸರಪಳಿಯನ್ನು ಬಿಡಿಸಿ ತೋರಿಸಬೇಕು. ಬೆಲೆ ಹೆಚ್ಚಾದರೆ ರೈತ ಭತ್ತ ಬಿಟ್ಟು ಕಬ್ಬು ಹಾಕುತ್ತಾನೆ, ಕಬ್ಬು ಹೆಚ್ಚಾದರೆ ಸಕ್ಕರೆ ದಾಸ್ತಾನು ಹೆಚ್ಚುತ್ತದೆ, ಸಕ್ಕರೆ ಬೆಲೆ ಕುಸಿದರೆ ಕಾರ್ಖಾನೆ ಬಾಕಿ ಉಳಿಸಿಕೊಳ್ಳುತ್ತದೆ. ಒಂದೊಂದು ಕೊಂಡಿಗೂ ಆಧಾರ ಬೇಕು. ಗ್ರಾಫ್ ಹಾಕಿದರೆ ಅದು ಏನು ಹೇಳುತ್ತದೆ ಎಂದು ಕೆಳಗೆ ಎರಡು ಸಾಲು ಬರೆಯಿರಿ, ಬರೀ ಅಂದಕ್ಕೆ ಹಾಕಬೇಡಿ. ಬಿ.ಕಾಂ.ನವರಿಗೂ ಇದೇ ಮಾತು. ಅಂಕಿ ಬ್ಯಾಲೆನ್ಸ್ ಶೀಟ್‌ನಿಂದ ಬರುತ್ತದೆ ಅನ್ನುವುದಷ್ಟೇ ವ್ಯತ್ಯಾಸ.

ಸಾಹಿತ್ಯದಲ್ಲಿ ಪುರಾವೆ ಹೊರಗಿಲ್ಲ, ಪಠ್ಯದ ಒಳಗೇ ಇದೆ. ಒಂದು ಸಣ್ಣಕತೆ ಇದೆ ಅಂದುಕೊಳ್ಳಿ. ಮೊದಲಲ್ಲಿ ಅತ್ತೆ ಸೊಸೆಯನ್ನು ‘ಬಾರವ್ವ, ಕೂತ್ಕೊ’ ಎಂದು ಕರೆಯುತ್ತಾಳೆ. ಸೊಸೆಗೆ ಪೇಟೆಯಲ್ಲಿ ನೌಕರಿ ಸಿಗುತ್ತದೆ. ಕತೆಯ ಕೊನೆಯಲ್ಲಿ ಅದೇ ಅತ್ತೆ ‘ಬನ್ನಿ, ಕೂತ್ಕೊಳ್ಳಿ’ ಎನ್ನುತ್ತಾಳೆ. ನಡುವೆ ಜಗಳವಾಯಿತು ಎಂದು ಕತೆಗಾರರು ಎಲ್ಲೂ ಬರೆದಿಲ್ಲ. ಸಾರಾಂಶ ಬರೆಯುವವರು ‘ಸೊಸೆಗೆ ನೌಕರಿ ಸಿಕ್ಕಿತು, ಆಮೇಲೆ ಅವಳು ಊರಿಗೆ ಬಂದಳು’ ಎಂದು ಮುಗಿಸುತ್ತಾರೆ. ಪ್ರಬಂಧ ಬರೆಯುವವರು ಆ ‘ಬನ್ನಿ’ಯ ಮೇಲೆ ಬೆರಳಿಡುತ್ತಾರೆ: ಗೌರವ ಹೆಚ್ಚಿದ ಹಾಗೆ ಕಾಣುತ್ತದೆ, ಆದರೆ ಸಲಿಗೆ ಹೋಗಿದೆ, ಸೊಸೆ ನೆಂಟಳಾಗಿದ್ದಾಳೆ. ಈ ಓದು ಸರಿಯೇ ಎಂದು ಕತೆಯ ಬೇರೆ ಜಾಗಗಳಲ್ಲಿ ನೋಡಬೇಕು. ಆ ದಿನ ಅವಳಿಗೆ ಯಾವ ತಟ್ಟೆಯಲ್ಲಿ ಊಟ ಬಡಿಸಿದರು? ಅಡುಗೆಮನೆಯೊಳಗೆ ಹೋದಳೇ, ಜಗಲಿಯಲ್ಲೇ ಕೂತಳೇ? ಎರಡು ಮೂರು ಕಡೆ ಒಂದೇ ದಿಕ್ಕಿಗೆ ಕೈ ತೋರಿಸಿದರೆ ನಿಮ್ಮ ವಾದ ನಿಂತಿತು. ಒಂದು ಕಡೆ ಉಲ್ಟಾ ಹೊಡೆದರೆ ಅದನ್ನೂ ಬರೆಯಿರಿ. ಅಲ್ಲೇ ಕತೆ ಸ್ವಾರಸ್ಯವಾಗುವುದು. ‘ಲೇಖಕರು ಮನೋಜ್ಞವಾಗಿ ಚಿತ್ರಿಸಿದ್ದಾರೆ’ ಎಂಬ ಸಾಲನ್ನು ದಯವಿಟ್ಟು ಬಿಡಿ. ಮನೋಜ್ಞ ಎಂದು ನಿಮಗೆ ಅನಿಸಿದ್ದು ಯಾವ ಸಾಲಿನಿಂದ ಎಂದು ಹೇಳಿ, ಸಾಕು. ಹಳಗನ್ನಡ ಕಾವ್ಯಕ್ಕೂ ಇದೇ ದಾರಿ. ಪದ್ಯವನ್ನು ಎತ್ತಿ ಬರೆದ ಮೇಲೆ ಅದರ ಗದ್ಯಾನುವಾದ ಕೊಟ್ಟು ನಿಲ್ಲಿಸಬೇಡಿ, ನಿಮ್ಮ ವಾದಕ್ಕೆ ಆ ಪದ್ಯದ ಯಾವ ಮಾತು ಆಸರೆ ಎಂದು ತೋರಿಸಿ.

ನಿಮ್ಮ ಕಾಲೇಜಿನ ಬಿ.ಎಸ್ಸಿ. ಗೆಳತಿಯರಿಗೂ ಈ ಪತ್ರ ತೋರಿಸುತ್ತೀರಿ ಎಂದುಕೊಂಡು ಅವರಿಗೂ ಒಂದು ಮಾತು. ವಿಜ್ಞಾನದ ಬರಹದಲ್ಲಿ ಪುರಾವೆ ಎಂದರೆ ಇನ್ನೊಬ್ಬರು ಹಾಗೇ ಮಾಡಿ ನೋಡಬಹುದಾದ ಪ್ರಯೋಗ. ಕಡಿದ ಕಬ್ಬಿನಲ್ಲಿ ಸಕ್ಕರೆ ಕಡಿಮೆಯಾಗುತ್ತದೆಯೇ ಎಂದು ನೋಡಲು ರಸ ಹಿಂಡಿ ರಿಫ್ರ್ಯಾಕ್ಟೋಮೀಟರ್‌ನಲ್ಲಿ ಬ್ರಿಕ್ಸ್ ಅಳೆಯುತ್ತಾರೆ. ಕೆಲವು ದಿನ ಬಿಟ್ಟು ಅಳೆದರೆ ಬ್ರಿಕ್ಸ್ ಹೆಚ್ಚಾಗಿರುವುದುಂಟು. ‘ಆದ್ದರಿಂದ ಸಕ್ಕರೆ ಹೆಚ್ಚಾಯಿತು’ ಎಂದು ಬರೆದರೆ ತಪ್ಪು. ಬ್ರಿಕ್ಸ್ ಅಳೆಯುವುದು ರಸದಲ್ಲಿ ಕರಗಿರುವ ಎಲ್ಲವನ್ನೂ. ಕಬ್ಬು ಒಣಗಿ ನೀರಿನ ಅಂಶ ಹೋದಾಗ ಬ್ರಿಕ್ಸ್ ಏರುತ್ತದೆ. ಅದೇ ಹೊತ್ತಿನಲ್ಲಿ ಇನ್ವರ್ಟೇಸ್ ಕಿಣ್ವದಿಂದ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತಿರುತ್ತದೆ. ಅದು ತಿಳಿಯಬೇಕಾದರೆ ಸುಕ್ರೋಸ್ ಎಷ್ಟಿದೆ ಎಂದು ತೋರಿಸುವ ಪೋಲಾರಿಮೀಟರ್ ಬೇಕು. ಅದಕ್ಕೇ ವರದಿಯಲ್ಲಿ ‘ಫಲಿತಾಂಶ’ ಮತ್ತು ‘ಚರ್ಚೆ’ ಬೇರೆ ಬೇರೆ ಇರುವುದು. ಬ್ರಿಕ್ಸ್ ಎಷ್ಟು ಬಂತು ಎಂಬುದು ಫಲಿತಾಂಶ, ಏಕೆ ಹಾಗೆ ಬಂತು ಎಂಬುದು ಚರ್ಚೆ. ಯಾವ ತಳಿ, ಕಡಿದು ಎಷ್ಟು ಗಂಟೆಯಾಗಿತ್ತು, ನೆರಳಲ್ಲಿತ್ತೋ ಬಿಸಿಲಲ್ಲಿತ್ತೋ ಎನ್ನುವುದನ್ನು ವಿಧಾನದ ಭಾಗದಲ್ಲಿ ಬರೆಯದಿದ್ದರೆ ಅಂಕಿಗೆ ಬೆಲೆಯಿಲ್ಲ.

ರಾಜ್ಯಶಾಸ್ತ್ರದಲ್ಲಿ ಮಂಡ್ಯ, ಮೈಸೂರಿನ ವಿದ್ಯಾರ್ಥಿಗಳಿಗೆ ಕಷ್ಟವಾಗುವ ವಿಷಯವೊಂದಿದೆ: ಕಾವೇರಿ. ನೀರು ನಮ್ಮ ಮನೆಯ ಮಾತಾಗಿರುವುದರಿಂದ ಪ್ರಬಂಧ ಬೇಗ ಘೋಷಣೆಯಾಗುತ್ತದೆ. ಇಲ್ಲಿ ಪುರಾವೆ ಎಂದರೆ ಕಾನೂನು, ತೀರ್ಪು, ಮತ್ತು ಯಾರು ಯಾವ ನೆಲೆಯಲ್ಲಿ ಏನು ವಾದಿಸಿದರು ಎಂಬುದು. 1892 ಮತ್ತು 1924ರ ಒಪ್ಪಂದಗಳು, ಸಂವಿಧಾನದ 262ನೇ ವಿಧಿ, 1956ರ ಅಂತರರಾಜ್ಯ ಜಲವಿವಾದ ಕಾಯ್ದೆ, 2007ರಲ್ಲಿ ಕರ್ನಾಟಕಕ್ಕೆ 270 ಟಿಎಂಸಿ ಕೊಟ್ಟ ನ್ಯಾಯಮಂಡಳಿ, 2018ರ ಫೆಬ್ರುವರಿಯಲ್ಲಿ ಅದನ್ನು 284.75ಕ್ಕೆ ಏರಿಸಿದ ಸುಪ್ರೀಂ ಕೋರ್ಟ್. ಹೆಚ್ಚಿದ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ, 10 ತಮಿಳುನಾಡಿನ ಅಂತರ್ಜಲವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರಿಂದ. ಕುಡಿಯುವ ನೀರಿಗೆ ಆದ್ಯತೆ ಎಂಬ ತತ್ವವನ್ನು ಕೋರ್ಟ್ ಹೇಗೆ ಬಳಸಿತು ಎಂಬುದೇ ಒಳ್ಳೆಯ ಪ್ರಬಂಧಕ್ಕೆ ಸಾಕಾಗುವ ಪ್ರಶ್ನೆ. ತಂಜಾವೂರಿನ ರೈತರ ವಾದವನ್ನು ಅವರೇ ಒಪ್ಪುವಷ್ಟು ಗಟ್ಟಿಯಾಗಿ ಒಂದು ಪ್ಯಾರಾದಲ್ಲಿ ಬರೆಯಿರಿ, ಆಮೇಲೆ ನಿಮ್ಮದನ್ನು ಬರೆಯಿರಿ. ಎದುರಿನವರ ವಾದವನ್ನು ಬಡಕಲು ಮಾಡಿ ಗೆದ್ದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ.

ಈಗ ಯೋಜನೆ ಹಾಕುವ ಕೆಲಸ. ಒಂದು ಎ4 ಹಾಳೆ ಸಾಕು. ಮೇಲೆ ಪ್ರಶ್ನೆಯನ್ನು ಕೊಟ್ಟ ಹಾಗೇ ಬರೆಯಿರಿ, ಏನು ಮಾಡಲು ಹೇಳಿದ್ದಾರೆ ಎಂಬುದಕ್ಕೆ ಗೆರೆ ಎಳೆಯಿರಿ. ‘ವಿವರಿಸಿ’ ಎಂದಿದ್ದರೆ ಹೇಗೆ ನಡೆಯುತ್ತದೆ ಎಂದು ಹೇಳಿದರೆ ಸಾಕು, ‘ಹೋಲಿಸಿ’ ಎಂದಿದ್ದರೆ ಎರಡನ್ನೂ ಒಂದೇ ಅಳತೆಗೋಲಿನಲ್ಲಿ ನೋಡಬೇಕು, ‘ಚರ್ಚಿಸಿ’, ‘ವಿಮರ್ಶಿಸಿ’ ಎಂದಿದ್ದರೆ ಕೊಟ್ಟ ಹೇಳಿಕೆಯನ್ನು ಎಷ್ಟು ಒಪ್ಪುತ್ತೀರಿ ಎಂದು ತೀರ್ಮಾನಿಸಬೇಕು. ಅದರ ಕೆಳಗೆ ನಿಮ್ಮ ಉತ್ತರ, ಒಂದೇ ವಾಕ್ಯದಲ್ಲಿ. ಓದುತ್ತಾ ಹೋದ ಹಾಗೆ ಈ ವಾಕ್ಯ ಬದಲಾಗುತ್ತದೆ, ಆದ್ದರಿಂದ ಪೆನ್ಸಿಲ್ಲಿನಲ್ಲಿ ಬರೆಯಿರಿ.

ಅದರ ಕೆಳಗೆ ಪ್ಯಾರಾಗಳು. ಇಲ್ಲಿ ಹೆಚ್ಚಿನವರು ‘ಪೀಠಿಕೆ, ಕಾರಣಗಳು, ಪರಿಣಾಮಗಳು, ಉಪಸಂಹಾರ’ ಎಂದು ಬರೆದು ಯೋಜನೆ ಆಯಿತು ಎಂದುಕೊಳ್ಳುತ್ತಾರೆ. ಅದು ಖಾಲಿ ಡಬ್ಬಗಳ ಸಾಲು. ಒಂದೊಂದು ಪ್ಯಾರಾ ಏನನ್ನು ಹೇಳುತ್ತದೆ ಎಂದು ಪೂರ್ಣ ವಾಕ್ಯವಾಗಿ ಬರೆಯಿರಿ. ಮೇಲಿನ ಇತಿಹಾಸದ ಪ್ರಶ್ನೆಗೆ ಹೀಗೆ ಬರಬಹುದು: ‘ಕಟ್ಟೆಯ ಯೋಜನೆಯ ಹಿಂದೆ ನೀರಾವರಿಯ ಜೊತೆಗೆ ಶಿವನಸಮುದ್ರದ ವಿದ್ಯುತ್ತೂ ಇತ್ತು. ಹಾಗಿದ್ದರೂ ಬೆಳೆ ಬದಲಾಗಲು ನೀರು ಹೊಲ ಮುಟ್ಟಬೇಕಿತ್ತು, ಮುಟ್ಟಿಸಿದ್ದು ನಾಲೆ. ನಾಲೆಯ ನೀರಿನಲ್ಲಿ ಕಬ್ಬು ಲಾಭದ ಬೆಳೆಯಾದದ್ದು 1933ರ ಕಾರ್ಖಾನೆಯಿಂದ. ಆದರೆ ನಾಲೆ ಹೋಗದ ಕಡೆ, ಊರೇ ಮುಳುಗಿದ ಕಡೆ ಈ ಮಾತು ಸಲ್ಲುವುದಿಲ್ಲ.’ ಈ ನಾಲ್ಕು ವಾಕ್ಯಗಳನ್ನು ಜೋರಾಗಿ ಓದಿ ನೋಡಿ. ‘ಹಾಗಿದ್ದರೂ’, ‘ಆದರೆ’ ಎಂಬ ಕೊಂಡಿಗಳು ತಾವಾಗೇ ಬಂದರೆ ಯೋಜನೆ ಸರಿಯಿದೆ. ಎರಡನೆಯ ಪ್ಯಾರಾವನ್ನು ಮೂರನೆಯದರ ಜಾಗಕ್ಕೆ ಹಾಕಿದರೂ ಏನೂ ಕೆಡುವುದಿಲ್ಲ ಎಂದಾದರೆ ನಿಮ್ಮಲ್ಲಿ ಇನ್ನೂ ವಾದ ಇಲ್ಲ, ಪಟ್ಟಿ ಮಾತ್ರ ಇದೆ. ಬಿ.ಎ. ಮೊದಲ ವರ್ಷದಿಂದ ಎಂ.ಎ.ವರೆಗೆ ನಾನು ಎಲ್ಲರಿಗೂ ಹೇಳುವ ಪರೀಕ್ಷೆ ಇದು.

ಒಂದೊಂದು ವಾಕ್ಯದ ಪಕ್ಕದಲ್ಲಿ ಅದಕ್ಕೆ ಯಾವ ಆಧಾರ, ಯಾವ ಪುಸ್ತಕದ ಯಾವ ಪುಟ ಎಂದು ಬರೆಯಿರಿ. ಪಕ್ಕ ಖಾಲಿ ಉಳಿದದ್ದು ಎಲ್ಲೆಲ್ಲಿ ಎಂದು ನೋಡಿದರೆ ಮುಂದೆ ಏನು ಓದಬೇಕು ಎಂಬುದು ಅಲ್ಲೇ ಗೊತ್ತಾಗುತ್ತದೆ. ಗ್ರಂಥಾಲಯಕ್ಕೆ ಹೋಗಿ ಸಿಕ್ಕಿದ್ದನ್ನೆಲ್ಲ ಜೆರಾಕ್ಸ್ ಮಾಡಿಸಿಕೊಂಡು ಬರುವ ಪಾಡು ತಪ್ಪುತ್ತದೆ. ಮಂಡ್ಯ ಜಿಲ್ಲಾ ಗ್ಯಾಸೆಟಿಯರ್, ಮೈಸೂರು ವಿಶ್ವವಿದ್ಯಾನಿಲಯ ಹೊರತಂದ ಕನ್ನಡ ವಿಶ್ವಕೋಶ, ಶಾಸನಗಳಿಗೆ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳು ನಿಮ್ಮ ಕೆಲಸಕ್ಕೆ ಒಳ್ಳೆಯ ಆರಂಭ. ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಮಾನಸಗಂಗೋತ್ರಿಯ ಗ್ರಂಥಾಲಯಕ್ಕೆ ಹೋಗುವುದಾದರೆ ನಿಮ್ಮ ಕಾಲೇಜಿನಿಂದ ಒಂದು ಪತ್ರ ತೆಗೆದುಕೊಂಡು ಹೋಗಿ. ಗೈಡುಗಳನ್ನು ಓದಬೇಡಿ ಎನ್ನುವುದಿಲ್ಲ, ಪರೀಕ್ಷೆಯ ಹಿಂದಿನ ದಿನ ಅವು ನೆರವಾಗುತ್ತವೆ. ಆದರೆ ಅಸೈನ್‌ಮೆಂಟ್‌ಗೆ ಗೈಡನ್ನು ಆಧಾರ ಎಂದು ತೋರಿಸಲಾಗದು.

ಇಂಗ್ಲಿಷ್ ಪುಸ್ತಕದಿಂದ ವಿಷಯ ತೆಗೆದುಕೊಳ್ಳುವಾಗ ಸಾಲಿಗೆ ಸಾಲು ಕನ್ನಡ ಮಾಡುತ್ತಾ ಹೋಗಬೇಡಿ. ಆ ಕನ್ನಡ ನಿಮಗೂ ಅರ್ಥವಾಗದು. ಒಂದು ಪುಟ ಓದಿ, ಪುಸ್ತಕ ಮುಚ್ಚಿ, ಪಕ್ಕದಲ್ಲಿ ತಂಗಿ ಕೂತಿದ್ದಾಳೆ ಎಂದುಕೊಂಡು ಅವಳಿಗೆ ಬಾಯಲ್ಲಿ ಹೇಳಿ, ಹೇಳಿದ್ದನ್ನು ಬರೆಯಿರಿ. ಆಮೇಲೆ ಪುಸ್ತಕ ತೆರೆದು ಇಸವಿ, ಹೆಸರು, ಅಂಕಿ ಸರಿಯಿದೆಯೇ ನೋಡಿ. ಹೀಗೆ ಬರೆದರೂ ವಿಚಾರ ಅವರದ್ದೇ ಆದ್ದರಿಂದ ಹೆಸರು, ಪುಟ ಕೊಡಲೇಬೇಕು. ಮೊಬೈಲಿನ ಎಐಗೆ ಪ್ರಶ್ನೆ ಹಾಕಿ ಬಂದದ್ದನ್ನು ಇಳಿಸಿಕೊಳ್ಳುವುದರ ಬಗ್ಗೆ ನಿಮ್ಮ ಅಧ್ಯಾಪಕರ ನಿಯಮ ಏನೋ ಅದನ್ನು ಪಾಲಿಸಿ. ನನ್ನದು ಒಂದೇ ಎಚ್ಚರಿಕೆ: ಅದು ಇಲ್ಲದ ಪುಸ್ತಕಗಳನ್ನೂ ಇಲ್ಲದ ಪುಟಗಳನ್ನೂ ಆತ್ಮವಿಶ್ವಾಸದಿಂದ ಕೊಟ್ಟುಬಿಡುತ್ತದೆ. ಕೈಯಲ್ಲಿ ಹಿಡಿದು ನೋಡದ ಪುಸ್ತಕವನ್ನು ಅಡಿಟಿಪ್ಪಣಿಯಲ್ಲಿ ಹಾಕಬೇಡಿ.

ಬರೆಯುವಾಗ ನಡುವಿನ ಪ್ಯಾರಾಗಳಿಂದ ಶುರು ಮಾಡಿ. ಪೀಠಿಕೆ ಕೊನೆಗೆ ಬರೆಯುವುದು ಲೇಸು, ಏಕೆಂದರೆ ಏನು ಸಾಧಿಸಿದ್ದೀರಿ ಎಂಬುದು ಆಗಷ್ಟೇ ಖಚಿತವಾಗಿರುತ್ತದೆ. ಪೀಠಿಕೆಯಲ್ಲಿ ಪ್ರಶ್ನೆ ಏಕೆ ಮುಖ್ಯ, ನಿಮ್ಮ ಉತ್ತರ ಏನು, ಯಾವ ಕ್ರಮದಲ್ಲಿ ತೋರಿಸುತ್ತೀರಿ ಎಂಬಿಷ್ಟಿದ್ದರೆ ಸಾಕು, ಆದಿಕಾಲದಿಂದ ಬರಬೇಕಿಲ್ಲ. ಉಪಸಂಹಾರದಲ್ಲಿ ‘ಒಟ್ಟಿನಲ್ಲಿ ಹೇಳುವುದಾದರೆ’ ಎಂದು ಎಲ್ಲವನ್ನೂ ಮತ್ತೆ ಹೇಳುವ ಬದಲು, ನಿಮ್ಮ ಉತ್ತರ ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂದು ಹೇಳಿ. ‘ನಾನು’ ಬಳಸಬಹುದೇ ಎಂದು ಬಹಳ ಜನ ಕೇಳುತ್ತಾರೆ. ‘ನನಗೆ ಅನಿಸುತ್ತದೆ’ ಎಂದು ಬರೆಯಬೇಡಿ, ‘ಈ ಆಧಾರದಿಂದ ಹೀಗೆ ತಿಳಿಯುತ್ತದೆ’ ಎಂದು ಬರೆಯಿರಿ. ಆದರೆ ನೀವೇ ಊರಿಗೆ ಹೋಗಿ ನಾಲೆಯ ಕೊನೆಭಾಗದ ರೈತರನ್ನು ಮಾತಾಡಿಸಿದ್ದರೆ ‘ನಾನು ಕೇಳಿದಾಗ’ ಎಂದು ಬರೆಯಲು ಸಂಕೋಚ ಬೇಡ. ಅವರ ಒಪ್ಪಿಗೆ ಕೇಳಿ, ಹೆಸರು ಬಿಟ್ಟು ಬರೆಯಿರಿ.

ಪರೀಕ್ಷೆಯ ಹಾಲಿನಲ್ಲಿ ಇಷ್ಟೆಲ್ಲ ಆಗದು, ನಿಜ. ಅಲ್ಲಿ ಉತ್ತರದ ವಾಕ್ಯ ಮತ್ತು ನಾಲ್ಕು ಪ್ಯಾರಾ-ವಾಕ್ಯಗಳನ್ನು ಕೊನೆಯ ಪುಟದಲ್ಲಿ ಗೀಚಿಕೊಂಡು ಬರೆಯಲು ಕೂತರೆ ಸಾಕು, ಮುಗಿದ ಮೇಲೆ ಅದನ್ನು ಹೊಡೆದು ಹಾಕಿ.

ಮುಂದಿನ ತಿಂಗಳ ಮೂರು ಅಸೈನ್‌ಮೆಂಟ್‌ಗಳಲ್ಲಿ ಅರ್ಥಶಾಸ್ತ್ರದ್ದನ್ನು ಮೊದಲು ಕೈಗೆತ್ತಿಕೊಳ್ಳಿ. ಅಂಕಿಅಂಶ ಹುಡುಕಲು, ಅವುಗಳ ಷರತ್ತು ಪರಿಶೀಲಿಸಲು ಹೊತ್ತು ಹಿಡಿಯುತ್ತದೆ. ಅದರ ಜೊತೆಜೊತೆಗೇ ಕನ್ನಡದ ಪಠ್ಯವನ್ನು ಪೆನ್ಸಿಲ್ ಹಿಡಿದು ಮತ್ತೊಮ್ಮೆ ಓದಲು ಶುರು ಮಾಡಿ, ಅದು ಬಸ್ಸಿನಲ್ಲೂ ಆಗುವ ಕೆಲಸ. ಇತಿಹಾಸಕ್ಕೆ ಗ್ರಂಥಾಲಯದಲ್ಲಿ ಕೂರಲು ಒಂದು ಶನಿವಾರ ಇಟ್ಟುಕೊಳ್ಳಿ. ಮೂರಕ್ಕೂ ಈ ವಾರವೇ ಒಂದೊಂದು ಹಾಳೆಯ ಯೋಜನೆ ಮಾಡಿ, ಬರೆಯಲು ಕೂರುವ ಮೊದಲು ಸ್ಟಾಫ್ ರೂಮಿಗೆ ತೆಗೆದುಕೊಂಡು ಹೋಗಿ, ‘ಸರ್, ಇದು ನನ್ನ ಉತ್ತರ, ಇದು ಆಧಾರ, ಸಾಕಾಗುತ್ತಾ?’ ಎಂದು ಕೇಳಿ. ಪೂರ್ತಿ ಬರೆದ ಇಪ್ಪತ್ತು ಪುಟ ಓದಲು ಅವರಿಗೆ ಬಿಡುವು ಇಲ್ಲದಿರಬಹುದು, ಒಂದು ಹಾಳೆಯನ್ನು ನಿಂತಲ್ಲೇ ಓದಿ ಹೇಳುತ್ತಾರೆ.